ಖಾಲಿ ಬಿಡಬೇಕಿದ್ದ ಚೌಕಗಳು

ಕಮ್ಮರಡಿ
೧೨–೮–೨೦೨೪

ಕಣ್ಣಿನ ವೈದ್ಯೆ ಡಾ. ಶ್ವೇತ ಅವರಿಗೆ ವಂದನೆಗಳು.

ತೋಟದಲ್ಲಿ ಅಡಿಕೆಯ ಸೋಗೆ ತಾಗಿ ಕಣ್ಣಿಗೆ ಶಿಲೀಂಧ್ರದ ಸೋಂಕಾದ ನಮ್ಮ ನೆರೆಯ ವಸಂತಮ್ಮನವರಿಗೆ ತಾವು ಹೊಸ ಹನಿಮದ್ದನ್ನು ಕೊಟ್ಟು ಪರೀಕ್ಷಿಸುತ್ತಿದ್ದಿರಿ. ಅವರಿಗೆ ಓದುಬರಹ ಬಾರದ್ದರಿಂದ, ಗಂಟೆಗೊಮ್ಮೆ ಮದ್ದು ಹಾಕಿದ್ದನ್ನು ಗುರುತಿಸುವ ಹಾಳೆಯನ್ನು ನಾನು ತುಂಬುತ್ತಿದ್ದೆ.

"ತೋಟದ ಕೆಲಸದಾಗೆ ಇವತ್ತು ನಾಲ್ಕೇ ಸಲ ಹಾಕಿದ್ದು ಮೇಷ್ಟ್ರೇ, ಇದ್ದಂಗೇ ಬರೀರಿ" ಎಂದು ಅವರು ಪ್ರತಿ ಸಂಜೆ ಹೇಳುತ್ತಿದ್ದರು. ನಾನು ಆ ದಿನದ ಹನ್ನೆರಡೂ ಚೌಕಗಳಿಗೆ ಗುರುತು ಹಾಕುತ್ತಿದ್ದೆ. ತನಿಖೆಗೆ ಬಂದವರ ಮುಂದೆ ಖಾಲಿ ಚೌಕವಿರುವ ಹಾಳೆಯನ್ನು ಎಂದೂ ಇಡದೆ ಮೂವತ್ನಾಲ್ಕು ವರ್ಷ ಶಾಲೆ ನಡೆಸಿದವನು ನಾನು. ತಾವು ಅದರ ಅಚ್ಚುಕಟ್ಟನ್ನು ಮೆಚ್ಚಿದಾಗ ಹಿಗ್ಗಿದ್ದೆ ಕೂಡ.

ಇಷ್ಟು ಕ್ರಮವಾಗಿ ಹಾಕಿಯೂ ಗುಣವಾಗದ್ದರಿಂದ ಈ ಮದ್ದು ನಾಟುವುದಿಲ್ಲವೆಂದು ತಾವು ನಿನ್ನೆ ಅದನ್ನು ನಿಲ್ಲಿಸಿದಿರಿ. "ಮೇಷ್ಟ್ರು ಬರೆದದ್ದು ತಪ್ಪಾಗಲ್ಲ, ನನ್ನ ಕಣ್ಣೇ ಕೆಟ್ಟದ್ದು" ಎಂದರು ವಸಂತಮ್ಮ.

ತಪ್ಪು ಮದ್ದಿನದಲ್ಲ, ಅವರದೂ ಅಲ್ಲ. ದಯವಿಟ್ಟು ಆ ಹಾಳೆಗಳನ್ನು ತಮ್ಮ ಪರೀಕ್ಷೆಯಿಂದ ತೆಗೆದುಹಾಕಿ, ಅವರ ಕಣ್ಣನ್ನು ಇನ್ನೊಮ್ಮೆ ನೋಡಿ. ಈ ಪತ್ರವನ್ನು ಮೊದಲು ಅವರಿಗೇ ಓದಿ ಹೇಳಿದ್ದೇನೆ.

ಹೊಸ ಹಾಳೆಯನ್ನು ಅವರ ಮಗಳು ಚೈತ್ರಳ ಕೈಗೆ ಕೊಡಿ. ಅಕ್ಷರ ಸೊಟ್ಟವೆಂದು ಶಾಲೆಯಲ್ಲಿ ಅವಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ತಲೆತಗ್ಗಿಸಿ,
ಕೆ. ವಾಸಪ್ಪ
ನಿವೃತ್ತ ಮುಖ್ಯೋಪಾಧ್ಯಾಯ