ಕರಿಯಮ್ಮನಿಗೆ ಹೇಳದೆ ಬಂದದ್ದು

ಮಂಗಳವಾರ ರಾತ್ರಿ, ಗೋಪಾಳದ ಮನೆ.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಆಸ್ಪತ್ರೆಯವರು ಹೇಳಿದ್ದು: ವಾರಕ್ಕೊಂದು ದಿನ ಭದ್ರಾವತಿಯಲ್ಲಿ ಬಡವರಿಗೆ ಪುಕ್ಕಟೆ ಸ್ಕ್ಯಾನಿಂಗ್, ಸರ್ಜನ್‌ಗಳ ಜೊತೆ ಕೂತು ರೋಗಿಗಳ ವಿಷಯ ಮಾತಾಡುವ ಅವಕಾಶ. ಮೂರು ವರ್ಷವಾಯ್ತು, ಎರಡೂ ಇಲ್ಲ. ಕೊಟ್ಟದ್ದು ಕಿಟಕಿಯಿಲ್ಲದ ಒಂದು ಕತ್ತಲೆ ಕೋಣೆ.

ಇವತ್ತು ಹೊಳೆಹೊನ್ನೂರಿನ ಕರಿಯಮ್ಮ ಬಂದಿದ್ದರು, ಗದ್ದೆ ಕೂಲಿಯವರು. ಮೂರು ತಿಂಗಳಿಂದ ಗ್ಯಾಸ್ ಅಂತ ಮಾತ್ರೆ ನುಂಗಿದ್ದಾರೆ. ಹೊಟ್ಟೆಗೆ ಜೆಲ್ ಹಚ್ಚಿ ನೋಡಿದ ಕೂಡಲೇ ಗೊತ್ತಾಯ್ತು, ಗ್ಯಾಸ್ ಅಲ್ಲ. ಲಿವರ್ ತುಂಬ ಗಡ್ಡೆ.

“ಏನ್ ಕಾಣ್ತವ್ವಾ?”

“ನಿಮ್ ಡಾಕ್ಟ್ರು ಹೇಳ್ತಾರಮ್ಮ.”

“ಮತ್ತೆ ನೀನ್ಯಾರು, ಫೋಟೋ ಸ್ಟುಡಿಯೋದವಳಾ?” ಅಂತ ನಕ್ಕರು. ನಾನೂ ನಕ್ಕೆ. ನಾಚಿಕೆಗೆಟ್ಟ ನಗು.

ಎಲ್ಲರಿಗಿಂತ ಮೊದಲು ನನಗೇ ಗೊತ್ತಾಗುತ್ತೆ, ನಾನೇ ಬಾಯಿ ಮುಚ್ಚಿಕೊಂಡಿರಬೇಕು. ಇದು ಈ ಕೆಲಸದ ರೂಢಿಯಂತೆ. ಕಾಗದನಗರದ ಪೇಪರ್ ಮಿಲ್ ಕಾರ್ಮಿಕರ ಮೆರವಣಿಗೆಯಲ್ಲಿ ಅಪ್ಪನ ಹೆಗಲ ಮೇಲೆ ಕೂತು ಘೋಷಣೆ ಕೂಗಿದವಳು ನಾನು. ಒಳಗಿರುವುದನ್ನು ಬಯಲಿಗೆ ತರ್ತೀನಿ ಅಂತಲೇ ರೇಡಿಯಾಲಜಿ ಆರಿಸಿಕೊಂಡೆ. ಈಗ ದಿನಕ್ಕೆ ಐವತ್ತು ಜನರ ಹೊಟ್ಟೆ ಮುಟ್ಟಿ ನೋಡ್ತೀನಿ, ಒಬ್ಬರ ಜೊತೆಗೂ ಮಾತಿಲ್ಲ. ಮನೆಗೆ ಬಂದರೆ ಊಟ ಆಯ್ತಾ ಅಂತ ಕೇಳುವವರೂ ಇಲ್ಲ.

ಸಂಜೆ ಸರ್ಜನ್ ಹರ್ಷವರ್ಧನರಿಗೆ ಫೋನ್ ಮಾಡಿ, ಕರಿಯಮ್ಮನಿಗೆ ತಿಳಿಸುವಾಗ ನಾನೂ ಇರ್ತೀನಿ ಅಂದೆ.

“ನೀವ್ಯಾಕೆ ಮೇಡಂ? ರಿಪೋರ್ಟ್ ಕಳ್ಸಿದ್ರೆ ಸಾಕಲ್ಲ.”

ಸಾಕಾಗಲ್ಲ ಅಂದೆ. ಕುರ್ಚಿ ಕೊಡದಿದ್ದರೆ ನಿಂತೇ ಇರ್ತೀನಿ. ಆಕೆ ಬೈದರೆ ಬೈಸಿಕೊಳ್ತೀನಿ, ಅತ್ತರೆ ಏನು ಮಾಡಬೇಕೋ ಗೊತ್ತಿಲ್ಲ, ಯಾರೂ ಕಲಿಸಿಲ್ಲ.

ಕರಿಯಮ್ಮ ಅವರ ಹತ್ತಿರ ಬರುವುದು ಗುರುವಾರ, ಬೆಳಿಗ್ಗೆ ಹತ್ತೂವರೆಗೆ.