ಮಲಗಿದ ಕೂಸಿಗೆ ಕೇಳಿಸದ ಸದ್ದು

ನವೆಂಬರ್ ೧೨, ಮಂಗಳವಾರ. ಮಿದೆಲ್ತ್, ಮೊರಾಕ್ಕೊ.

ಕಿವಿಗೆ ಕೇಳಿಸದ ಸದ್ದಿಗೆ ಅರಬ್ಬಿಯಲ್ಲಿ ಹೆಸರಿದೆ, ಫ್ರೆಂಚಿನಲ್ಲೂ ಇದೆ. ನಮ್ಮ ಅಮಜೀಗ್ ಮಾತಿನಲ್ಲಿ ಏನನ್ನಬೇಕೆಂದು ಇವತ್ತು ತಡಕಾಡಿಬಿಟ್ಟೆ.

ಆಸ್ಪತ್ರೆಯಲ್ಲಿ ನಾನು ಮಾಡುವ ಸ್ಕ್ಯಾನಿಂಗಿಗೆ ತೂದಾ ಬಂದಿದ್ದಳು. ಗಂಡ ಸತ್ತು ಎಷ್ಟೋ ವರ್ಷವಾಯಿತು. ಅವನ ಕೂಸು ಇನ್ನೂ ತನ್ನ ಹೊಟ್ಟೆಯಲ್ಲಿ ನಿದ್ದೆ ಹೋಗಿದೆ ಅನ್ನುತ್ತಾಳೆ. ಹೊಟ್ಟೆಯ ಕೂಸು ವರ್ಷಗಟ್ಟಲೆ ನಿದ್ದೆ ಹೋಗಬಹುದೆಂಬುದು ನಮ್ಮ ಕಡೆಯ ಹಳೇ ನಂಬಿಕೆ, ಇದಕ್ಕೆ ಯಾರೂ ನಗುವುದಿಲ್ಲ.

"ಈ ಮಿಷನ್ನು ಏನ್ ಮಾಡತ್ತೆ ತಂಗಿ?"

"ಹೊಟ್ಟೆಯೊಳಗೆ ಸದ್ದು ಕಳಿಸತ್ತೆ ಅಕ್ಕ. ಯಾರಿಗೂ ಕೇಳ್ಸಲ್ಲ."

"ಕೂಸಿಗೆ? ಎಚ್ಚರ ಆಗ್ಬಿಟ್ರೆ?"

"ಇಲ್ಲಕ್ಕ, ಆಗಲ್ಲ."

ಪರದೆಯ ಮೇಲೆ ಗರ್ಭ ಖಾಲಿಯಾಗಿತ್ತು. "ಏನೂ ಕಾಣಿಸ್ತಿಲ್ಲ ಅಕ್ಕ," ಅಂದೆ. ಯಾಕೋ ದನಿ ತಾನಾಗಿ ತಗ್ಗಿತ್ತು.

ತೂದಾ ನಕ್ಕಳು. "ಹೊದ್ಕೊಂಡಿರತ್ತೆ ಬಿಡು, ಚಳಿಗಾಲ ಅಲ್ವಾ."

ನಿಜ ಹೇಳಿದ್ದೆನಲ್ಲ, ಮತ್ತೇನು ಮಾಡಲಿ? ಆದರೆ ಅವಳು ಹೊರಟಾಗ ಹಿಂದೆಯೇ ಹೋಗಿ, ಬಾಗಿಲು ಸದ್ದಾಗದಂತೆ ಹಾಕಿದವಳು ನಾನೇ.