ತುಳಜವ್ವನ ಮನೆಯ ಹೊಸ್ತಿಲು

ತೇಲೋಣಿ, ಬಾಗಲಕೋಟೆ ಹಿನ್ನೀರು
ಕಾರಹುಣ್ಣಿಮೆಯ ಮರುದಿನ, ೨೧೫೦

ನನ್ನ ಅಜ್ಜಿಯ ಅಜ್ಜಿ ನೀಲಾಂಬಿಕೆಗೆ,

ಇನ್ನೂ ಹುಟ್ಟದವಳ ಕಾಗದ ಬಂತೆಂದು ಗಾಬರಿಯಾಗಬೇಡ. ನನ್ನ ಮಾತು ಕಿವಿಗೆ ಹೊಸದೆನಿಸಿದರೆ ಮನ್ನಿಸು. ನಮ್ಮ ಮನೆತನಕ್ಕೆ ನೀನೇ ಮೊದಲ ನರ್ಸ್. ನಾನೂ ಅದೇ ಕೆಲಸದವಳು. ತೇಲೋಣಿ ಎಂದರೆ ನೀರಿನ ಮೇಲೆ ಕಟ್ಟಿದ ನಮ್ಮ ಮನೆಗಳ ಸಾಲು. ದೋಣಿಯಲ್ಲೇ ಮನೆಮನೆಗೆ ಹೋಗುತ್ತೇನೆ. ಕೈಯಲ್ಲೊಂದು ನುಡಿಗಡಗವಿದೆ. ಅದು ಮೇಲಿನವರ ಸೂಚನೆಯನ್ನು ದಿನಾ ಮುಂಜಾನೆ ಓದಿ ಹೇಳುವ ಬಳೆ.

ಕಳೆದ ತಿಂಗಳು ಅದು ಹೇಳಿತು: "ಎದೆಹಾಲು ಕೊಡದ ತಾಯಂದಿರನ್ನು ಗುರುತಿಸಿ, ತಿಳಿಹೇಳಿ." ಅಂದಿನಿಂದ ನನಗೇ ಗೊತ್ತಿಲ್ಲದೆ ಬಾಣಂತಿಯರು ತಪ್ಪಿತಸ್ಥರಂತೆ ಕಾಣತೊಡಗಿದರು. ತುಳಜವ್ವನ ಮಗುವಿಗೆ ಹನ್ನೆರಡು ದಿನ. ಮೂಲೆಯಲ್ಲಿ ಪುಡಿಹಾಲಿನ ಡಬ್ಬಿ ಕಂಡದ್ದೇ ತಡ, ನಿಂತಲ್ಲಿಂದಲೇ ಅಂದೆ: "ಮನಸ್ ಮಾಡಿದ್ರ ಹಾಲು ಬರತಾವು. ನೀ ಮನಸ್ ಮಾಡವಲ್ಲಿ." ಅವಳು ತಲೆಯೆತ್ತಲಿಲ್ಲ.

ಮುಂದಿನ ವಾರ ಹೋದರೆ ಬಾಗಿಲು ಮುಚ್ಚಿತ್ತು. ಕಿಟಕಿಯಿಂದ ಅವಳ ಅತ್ತೆ, "ತವರಮನಿಗೆ ಹೋಗ್ಯಾಳ್ರೀ" ಎಂದರು. ಒಳಗೆ ಮಗು ಅಳುತ್ತಿತ್ತು.

ನಮಗೆ ಸೂಚನೆ ಬರೆಯುವ ಗುರುಬಾಯಿಯವರ ಬಳಿ ಹೋಗಿ ಎಲ್ಲ ಹೇಳಿದೆ. ಅವರು, "ನಿನ್ನ ಬಾಯಾಗ ಆ ಮಾತು ಇಟ್ಟಾಕಿ ನಾನಽವ್ವಾ" ಎಂದರು. ಮರುದಿನ ಕಡಗ ಬೇರೆ ಮಾತು ಹೇಳಿತು: "ತಾಯಿಯ ಹತ್ತಿರ ಕೂತು, ಹಾಲುಣಿಸಲು ಏನು ಕಷ್ಟವಾಗುತ್ತಿದೆ ಎಂದು ಕೇಳಿ."

ಕೆಲಸ ಅದೇ ಅಲ್ಲವೇ ಅಂದುಕೊಂಡೆ. ಆದರೂ ತುಳಜವ್ವನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಕೂತೆ. "ತುಳಜಾ, ಬೈಯಾಕ ಬಂದಿಲ್ಲವ್ವಾ. ನಿನಗೇನ್ ತ್ರಾಸ ಐತಿ, ಅದನ್ನ ಕೇಳಾಕ ಬಂದೇನಿ."

ತಡವಾಗಿ ಬಾಗಿಲು ತೆರೆಯಿತು. "ಮನಸ್ ಐತಿ ಅಕ್ಕಾ. ಕೂಸು ಬಾಯಿ ಹಚ್ಚಿದ್ರ ಜೀವ ಹೋದಂಗ ಆಗತೈತಿ" ಎಂದು ಸೆರಗು ಸರಿಸಿದಳು. ಮೊಲೆತೊಟ್ಟು ಒಡೆದು ರಕ್ತ ಹೆಪ್ಪುಗಟ್ಟಿತ್ತು. ಮೊದಲ ದಿನ ಒಂದೇ ಒಂದು ಮಾತು ಕೇಳಿದ್ದರೆ ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು. ಮಗುವನ್ನು ಎದೆಗೆ ಹತ್ತಿರ ತಂದು, ಬಾಯಿ ಅಗಲ ತೆರೆದಾಗ ಹಚ್ಚುವುದನ್ನು ತೋರಿಸಿದೆ. ಐದು ದಿನ ಹೋಗಿ ಕೂತೆ. ಆರನೆಯ ದಿನ ಅವಳು ನೋವಿಗೆ ಮುಖ ಹಿಂಡಿಕೊಳ್ಳದೆ ಹಾಲೂಡಿಸಿದಳು. ಮಗು ಗುಟುಕರಿಸುವ ಸದ್ದು ಕೇಳುತ್ತ ಅತ್ತೆ ಬಾಣಂತಿಗೆಂದು ಮಾಡಿದ ಅಂಟಿನ ಪಾಯಸವನ್ನು ನನಗೂ ಒಂದು ಲೋಟ ಕೊಟ್ಟರು.

ನೀನೂ ಮುಂದೆ ನರ್ಸುಗಳಿಗೆ ಸಂದೇಶ ಬರೆದುಕೊಡುವ ಕೆಲಸಕ್ಕೆ ಸೇರಿದೆಯೆಂದು ಮನೆಯಲ್ಲಿ ಹೇಳುತ್ತಾರೆ. ಅಜ್ಜಿ, ಬರೆಯುವಾಗ ನನ್ನಂಥವಳನ್ನು ನೆನೆ. ನಾವು ಕೆಟ್ಟವರಲ್ಲ, ದಣಿದಿರುತ್ತೇವೆ, ಕೊಟ್ಟ ಮಾತನ್ನೇ ಹೊತ್ತುಕೊಂಡು ಹೋಗುತ್ತೇವೆ. ಬಾಣಂತಿಯ ಮುಂದೆ ಆಡಲು ಬರುವಂಥ ಮಾತು ಕೊಡು.

ನಿನ್ನ ಮೊಮ್ಮಗಳ ಮೊಮ್ಮಗಳು,
ಚೆನ್ನಗಂಗಾ